ನಾಲ್ಕನೆಯ ತುಂಡು

ರಾಯಚೂರಿನ ಮೇ ತಿಂಗಳು, ಮಧ್ಯಾಹ್ನ ಎರಡು.
ನಿಜಾಮರ ಕಾಲದ ಮಹಡಿಯಲ್ಲಿ
ಬಡಿಗೇರ ಮೋನಪ್ಪ ಮೂರು ತುಂಡು ಇಟ್ಟ.
‘ಕಣ್ಣಿಲೆ ನೋಡಬ್ಯಾಡ್ರಿ ಅಕ್ಕಾರ,
ಚಪ್ಪಲ್ ಬಿಡ್ರಿ.’

ತೇಗ ನುಣುಪು. ಹೊಸ ಬೀಗರ ಹಾಗೆ
ಮಾತಿಗೆ ಮುಂಚೆಯೇ ನಗುತ್ತದೆ.
ಮತ್ತಿ ಬಿರುಸು, ಅಂಗಾಲನ್ನು ವಿಚಾರಿಸುತ್ತದೆ.
ಹೊನ್ನೆ? ಸಕ್ಕರೆ ಕಾಯಿಲೆಯ ನಮ್ಮತ್ತೆ
ಅದರ ಲೋಟದಲ್ಲಿ ನೀರಿಟ್ಟು ಕುಡಿದವರು;
ಔಷಧಿ ತುಳಿದು ಓಡಾಡಲೆ?

ಶೋರೂಮಿನವನು ಮರದಂಥ ಟೈಲ್ಸ್ ತೋರಿಸಿದ್ದ:
ಎಂಟು ಹಲಗೆಗೊಮ್ಮೆ ಅದೇ ಗಂಟು,
ಅದೇ ಜಾಗದಲ್ಲಿ.

ಕೊನೆಗೆ ಗೋಣಿಚೀಲದಿಂದ ಮತ್ತೊಂದು.
ಗಂಜಿನ ಹತ್ತಿರ ಕೆಡವಿದ ಜಿನ್ನಿಂಗ್ ಮಿಲ್ಲಿನದು,
ಎಣ್ಣೆ ಕುಡಿದು ಕಪ್ಪಾದದ್ದು,
ಮೈತುಂಬ ಮೊಳೆ ಕಿತ್ತ ತೂತು.
ಒಂದರಲ್ಲಿ ಅರಳೆಯ ಎಳೆ,
ಎಳೆಯೊಳಗೆ ಹತ್ತಿಕಾಳು.

ನನ್ನ ಹೆಬ್ಬೆರಳು ಅಲ್ಲೇ ನಿಂತುಬಿಟ್ಟಿತು.
ದರ ಕೇಳಲಿಲ್ಲ. ಅವನೇ ಹೇಳಿದ, ತುಸು ಜಾಸ್ತಿಯೇ.
‘ಮಳಿಗಾಲಕ್ಕ ಹಿಗ್ಗತಾವ್ರಿ, ಸಂದು ಬಿಡಬೇಕು,
ಮನಿಶಾರಿಗೆ ಬಿಟ್ಟಂಗ.’

ಕಾಳನ್ನು ಮಾತ್ರ ಕೀಳಬೇಡ, ಎಂದೆ.
ಕೇಳಿಸಿತೋ ಇಲ್ಲವೋ.
ಕಿವಿಗೆ ಪೆನ್ಸಿಲ್ ಸಿಕ್ಕಿಸಿ
ಆಗಲೇ ಮೂಲೆಗೆ ಟೇಪು ಹಿಡಿದಿದ್ದ:
ಗೋಡೆ ಎರಡು ಬೆರಳು ಓರೆಯಂತೆ,
ಕಟ್ಟಿದಾಗಿನಿಂದಲೂ.