ಬಾವಿಯ ಸೂಜಿ

ಸಾರೆಮಾ ದ್ವೀಪದ ನಡುವೆ, ಜುನಿಪರ್ ಪೊದೆಗಳ ಆಚೆ
ನೂರೆಂಬತ್ತು ಮೀಟರಿನ ಒಂದು ಕೊಳವೆ ಬಾವಿ.
ಅದರ ನೀರು ಕುಡಿಯಲಿಕ್ಕಲ್ಲ,
ಅಳೆಯಲಿಕ್ಕೆ.
ಒಳಗೆ ತೇಲುಗುಂಡು; ಮೇಲೆ ತಂತಿ, ಸೂಜಿ, ಸುತ್ತುವ ಕಾಗದ.
ಸೋಮವಾರಕ್ಕೊಮ್ಮೆ ಕಾಗದ ಬದಲಿಸುವುದು ನನ್ನ ಕೆಲಸ,
ಹತ್ತೊಂಬತ್ತು ವರ್ಷದಿಂದ.

ಇಲ್ಲಿ ನೆಲ ನಡುಗುವುದಿಲ್ಲ. ಸುಣ್ಣಕಲ್ಲಿನ ಮೇಲೆ ಸುಣ್ಣಕಲ್ಲು,
ಮೆಲುಕು ಹಾಕುವ ಹಸುವಿನಂತೆ ಮಲಗಿದೆ ನಾಡು.
ಪಕ್ಕದ ಮನೆಯ ಲೆಂಬಿಟ್ ಹೇಳುತ್ತಾನೆ:
"ನಮ್ಮಲ್ಲಿ ಬೀಳುವುದು ಎರಡೇ, ಹಿಮ ಮತ್ತು ಹಾಲಿನ ಬೆಲೆ."

ಆದರೂ ಕೆಲವು ಸೋಮವಾರ
ನೇರ ಗೆರೆಯ ನಡುವೆ ಒಂದು ಗಂಟು,
ಕದಿರಿನ ನೂಲು ಸಿಕ್ಕುಗಟ್ಟಿದಂತೆ.
ಸಮಯ ನೋಡುತ್ತೇನೆ: ಗುರುವಾರ, ನಸುಕಿನ ನಾಲ್ಕೂ ಹತ್ತು.
ಆಗ ಭೂಮಿಯ ಆ ಮಗ್ಗುಲಲ್ಲಿ
ಒಂದು ಊರು ಅಕ್ಕಿ ತೊಳೆಯುತ್ತಿತ್ತು.

ಸುಳ್ಳೇಕೆ? ಮೊದಲು ಬರುವುದು ಹಿಗ್ಗು.
ಗಾಳಕ್ಕೆ ಮೀನು ಕಚ್ಚಿದಾಗ ಕೈಗೆ ತಗಲುವ ಜಗ್ಗು, ಅದೇ.
ಮರುಕ ಆಮೇಲೆ ಬರುತ್ತದೆ, ಏದುಸಿರು ಬಿಡುತ್ತ,
ಬಸ್ಸು ತಪ್ಪಿದವರ ಹಾಗೆ.

ರೇಡಿಯೋ ಹೆಸರು ಹೇಳುತ್ತದೆ. ನಕ್ಷೆ ಬಿಡಿಸುತ್ತೇನೆ.
ಎಷ್ಟೋ ಊರುಗಳ ಹೆಸರು ನಾನು ಕಲಿತದ್ದು
ಅವು ಬಿದ್ದ ಮೇಲೆಯೇ.
ನಾಲಗೆ ಹೊರಳದ ಹೆಸರುಗಳು; ಸೈಕಲ್ ತುಳಿಯುತ್ತ
ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತೇನೆ,
ತಪ್ಪು ಉಚ್ಚಾರದಲ್ಲಿ ಸತ್ತವರನ್ನು ಕೂಗಬಾರದೆಂದು.

ಒಮ್ಮೆ ಟೀವಿಯಲ್ಲಿ ಒಬ್ಬ ಮುದುಕಿ
ಗೋಡೆಯಿಲ್ಲದ ಬಾಗಿಲಿಗೆ ಬೀಗ ಹಾಕುತ್ತಿದ್ದಳು.
ಎರಡು ಸಲ ಜಗ್ಗಿ ನೋಡಿದಳು.
ಅವಳಿಗೆಂದು ಏಳು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದೆ.
ವಿಳಾಸ: ಊರ ಹೆಸರು, ಬಾಗಿಲಿನ ಬಣ್ಣ.
ವರ್ಷದ ಮೇಲೆ ಪೊಟ್ಟಣ ಮರಳಿತು, ಯಾರೂ ಬಿಚ್ಚಿರಲಿಲ್ಲ,
ಮೈತುಂಬ ನಾಲ್ಕು ದೇಶಗಳ ಠಸ್ಸೆ.
ಆಮೇಲೆ ತಿಳಿಯಿತು, ಅಲ್ಲಿ ಚಳಿಗಾಲವೇ ಇಲ್ಲವಂತೆ.
ಲೆಂಬಿಟ್ ಒಂದು ಜೊತೆ ಕೇಳಿದ. ಕೊಡಲಿಲ್ಲ.

ಈ ಸೋಮವಾರ ಗೆರೆ ನೆಟ್ಟಗಿತ್ತು. ಏಳು ದಿನ,
ಕೂದಲೆಳೆಯಷ್ಟೂ ಕೊಂಕಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಹುಡುಕಿದೆ,
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ.
ಹುಡುಕುತ್ತಿರುವುದು ಏನನ್ನೆಂದು ಹೊಳೆದಾಗ
ಕಿವಿ ಬಿಸಿಯಾಯಿತು, ಆ ಚಳಿಯಲ್ಲಿ.

ಹೊಸ ಕಾಗದ ಸುತ್ತಿದೆ. ಶಾಯಿ ತುಂಬಿದೆ.
ಹೊರಗೆ ಬಂದು ಬೀಗ ಹಾಕಿ
ಎರಡು ಸಲ ಜಗ್ಗಿ ನೋಡಿದೆ.
ಸೈಕಲ್ಲಿನ ಹಿಂದಿನ ಗಾಲಿಯ ಗಾಳಿ ಇಳಿದಿತ್ತು.
ನೂಕಿಕೊಂಡು ನಡೆದೆ,
ನೆಲದ ಮೇಲೆ ಸ್ವಲ್ಪ ಮೆತ್ತಗೆ ಹೆಜ್ಜೆಯಿಡುತ್ತ.