ತಿದಿ

ಮರಿಯಣ್ಣಪಾಳ್ಯದ ಏಳರ ಪೂಜೆಗೆ
ಹುಡುಗರು ಡ್ರಮ್ಮು ತಂದಿದ್ದಾರೆ.
ಕಾಣಿಕೆ ಗೀತೆಗೆ ಅದು ಗುಡುಗಿದಾಗ
ಇನ್ನಾಸಮ್ಮನ ಜಪಮಣಿ ಲೆಕ್ಕ ತಪ್ಪಿತು.
‘ಇದೇನು ಬಲಿಪೂಜೆಯೋ, ಆರ್ಕೆಸ್ಟ್ರಾನೋ?’
ಹೊರಗೆ ಚಪ್ಪಲಿ ಹುಡುಕುತ್ತ ನನ್ನನ್ನೇ ನೋಡಿದಳು.
ಐವತ್ತು ವರ್ಷ ಹಾರ್ಮೋನಿಯಂ ಮುಂದೆ ಕೂತವನು,
ನಾನಾದರೂ ಹೇಳಬೇಕಂತೆ ಫಾದರಿಗೆ.

ಏನು ಹೇಳಲಿ.
ನನ್ನ ಪೆಟ್ಟಿಗೆ ಮೊದಲ ಸಲ ಒಳಬಂದ ದಿನ
ಲತೀನು ಬಾಯಿಪಾಠವಿದ್ದ ಅಪ್ಪ ಚೌರಪ್ಪ
ನಡುಪೂಜೆಯಲ್ಲೇ ಎದ್ದು ಹೋಗಿ
ಹುಣಸೆಮರದಡಿ ನಿಂತಿದ್ದ:
‘ನಾಟಕದ ಕಂಪನಿಯಿಂದ ನೆಟ್ಟಗೆ ಪೀಠದ ಪಕ್ಕಕ್ಕೆ!’
ಒಂದು ಪದದ ಅರ್ಥವೂ ತಿಳಿಯದ ಆ ಹಾಡುಗಳನ್ನು
ಒಂದು ಅಕ್ಷರ ತಪ್ಪದೆ ಪ್ರೀತಿಸಿದ್ದ ಅವನು.

ಬಡಿಯುವಾಗ ಲೂರ್ದುರಾಜನ ಕಣ್ಣು
ಮುಚ್ಚಿರುತ್ತದೆ. ನೋಡಿದ್ದೇನೆ.
ನಾನು ಮುಚ್ಚಿದ್ದು ನೆನಪಿಲ್ಲ,
ಯಾರು ತಡವಾಗಿ ಬಂದರೆಂದು ಎಣಿಸುತ್ತಿದ್ದೆ.

ಅವನಲ್ಲಿ ಕೇಳುವುದು ಇಷ್ಟೇ:
ಪ್ರಸಾದ ಅಂಗುಳಿಗೆ ಅಂಟಿ
ಕರಗುವಷ್ಟು ಹೊತ್ತು, ಮಗಾ,
ಕೋಲು ತೊಡೆಯ ಮೇಲಿಟ್ಟುಕೊ.

ಕೇಳಲು ನಾಚಿಕೆಯೂ ಆಗುತ್ತದೆ.
ಅಲ್ಲೇ, ಆ ಮೌನದಲ್ಲೇ,
ಸುಮ್ಮನಿರಲಾರದೆ
ಐವತ್ತು ವರ್ಷ ನಾನೂ ತಿದಿ ಒತ್ತಿದವನು.