ಇಲಿಯ ಪಾಲು

ಮೊದಲು ಕಂಡದ್ದು ಒಂದು ದುಂಡು ತತ್ತಿ,
ಹಳೆ ಬೆಲ್ಲದ ಬಣ್ಣ.
ಒಳಗೆ ಆರು ಕೊಂಡಿ,
ಕೂಸು ಬಿಗಿದ ಮುಷ್ಟಿಯ ಹಾಗೆ.
ಕನ್ನಡಕ ಸೆರಗಿಗೆ ಒರೆಸಿ ಇನ್ನೊಮ್ಮೆ ನೋಡಿದೆ.
ಡಬ್ಬಿಯ ಚೀಟಿ ಮರಾಠಿಯಲ್ಲಿತ್ತು:
ಸೋಮನಿಂಗ ಕೊಳೇಕರ, ನಾಲ್ಕು ವರ್ಷ, ಉಮದಿ.

ಇದು ಹುಡುಗರ ಹೊಟ್ಟೆಯ ಮಾಲಲ್ಲ.
ಇದರ ಪರಿಚಯ ನನಗಾದದ್ದು ಹೋದ ಮಾಘದಲ್ಲಿ,
ಬೋರ್ ಹಳ್ಳದ ಬದುವಿನ ಮೇಲೆ.

ಪುಣೆಯಿಂದ ಬಂದವರು ನಲವತ್ತು ತಗಡಿನ ಪೆಟ್ಟಿಗೆ ಇಟ್ಟಿದ್ದರು,
ಒಂದೊಂದರಲ್ಲಿ ನಾಲ್ಕು ಶೇಂಗಾ, ಚೂರು ಬೆಲ್ಲ.
ಬೆಳಗಾದರೆ ಹನ್ನೊಂದರಲ್ಲಿ ಸಪ್ಪಳ.
ಬಿಳಿ ಹೊಟ್ಟೆಯ ಬಯಲು ಇಲಿ, ಬಾಲದ ತುದಿಗೆ ಕರಿ ಕುಚ್ಚು.
ಔಷಧ ಮೂಸಿಸಿ ಮಲಗಿಸಿದರೆ
ಬಿಳಿ ಪರಾತದ ಮೇಲೆ ಅದರ ಮೈ ಬಾಚುವ ಪಾಳಿ ನನ್ನದು.
ಉದುರಿದ್ದನ್ನು ಎಣಿಸಬೇಕು:
ಚಿಗಟ ಒಂಬತ್ತು. ನುಸಿ, ಲೆಕ್ಕ ತಪ್ಪಿತು.
ಕಿವಿಯ ಅಂಚಿಗೆ ಸಾಸಿವೆಯಷ್ಟು ಉಣ್ಣಿಮರಿ, ಸಾಲಾಗಿ,
ಹೊಸ ಬುಗುಡಿ ಇಟ್ಟ ಹಾಗೆ.

ಕುರಿ ಹೊಡೆದುಕೊಂಡು ಬಂದ ಮಾಳಿಂಗ ನಿಂತು ನೋಡಿದ.
"ಇಲಿಗೆ ಹೇನ ನೋಡಾಕತ್ತೀಯೇನ ಬಾಯಿ?
ಎಣ್ಣಿ ಹಚ್ಚಿ ಹೆರಳ ಹಾಕಿಬಿಡು."
ನಕ್ಕೆ. ಅವನ ಟಗರಿನ ತೊಡೆಸಂದಿ ಬಿಡಿಸಿ ತೋರಿಸಿದೆ:
ಇಲಿಯ ಕಿವಿಯಲ್ಲಿ ಮರಿಯಾಗಿದ್ದದ್ದು
ಇಲ್ಲಿ ಔಡಲ ಬೀಜದಷ್ಟಾಗಿ ಜೋತಿತ್ತು.
ಅವನ ಬಾಯಲ್ಲಿ ಎರಡಕ್ಕೂ ಒಂದೇ ಮಾತು,
ಕುರಿ ಕೊಡುವುದೂ ಉಣ್ಣಿ, ಕುರಿಯನ್ನು ಉಣ್ಣುವುದೂ ಉಣ್ಣಿ.

ಆವತ್ತೇ ಒಂದರ ಕರುಳು ಸೀಳಿದಾಗ
ಲಾಡಿಹುಳ, ಮೊಳದುದ್ದ,
ಅದರ ತತ್ತಿ ಹಳೆ ಬೆಲ್ಲದ ಬಣ್ಣ.

ಇಂದ್ರವ್ವನ ಅಂಗಳದಲ್ಲಿ ಹಗೇವು ತೆರೆದಿತ್ತು.
ಎಂಟು ದಿನದ ಹಿಂದೆ ಕಲ್ಲು ಸರಿಸಿ, ಕಂದೀಲು ಇಳಿಬಿಟ್ಟು,
ಅದು ಆರದೆ ಉರಿದ ಮೇಲೆ ಗಂಡಸರು ಇಳಿದಿದ್ದರು.
ಕಂದೀಲಿಗೆ ಗಾಳಿಯ ಸುದ್ದಿ ಮಾತ್ರ ಗೊತ್ತು,
ಗೋಡೆಯ ಹುಲ್ಲಿನ ಹಿಂದಿನ ತೂತು ಕಾಣದು.
ಮಾಲದಂಡಿ ಜೋಳ. ಬೊಗಸೆ ಎತ್ತಿದೆ.
ಕಾಳಿನ ನಡುವೆ ಹಿಕ್ಕೆ,
ಹಿಕ್ಕೆಯ ಸುತ್ತ ಕೆಂಪು ಹಿಟ್ಟುಹುಳ.
ಹಿಕ್ಕೆಯ ತತ್ತಿ ಹುಳದ ಹೊಟ್ಟೆಗೆ,
ಹುಳ ಹಿಟ್ಟಿನ ಡಬ್ಬಿಗೆ,
ಹಿಟ್ಟು, ಬಾಗಿಲ ಹಿಂದೆ ಕೂತು
ಹಸಿಯದನ್ನೇ ಮುಕ್ಕುವ ಸೋಮನಿಂಗನ ಬಾಯಿಗೆ.
ಬಿಳಿ ಮೀಸೆ ಹೊತ್ತು ನನ್ನನ್ನೇ ನೋಡುತ್ತಿದ್ದ.

"ನಾವು ಇಲಿ ತಿನ್ನೋ ಮಂದಿ ಅಲ್ಲಬೇ" ಅಂದಳು ಇಂದ್ರವ್ವ,
ದನಿ ಸಣ್ಣ ಮಾಡಿ, ನೆರೆಮನೆಯ ಗೋಡೆ ನೋಡುತ್ತ.

ಏನು ಹೇಳಲಿ.
ನಮ್ಮವ್ವ ಲಗಮವ್ವ ರಾಶಿ ಮುಗಿದ ಹೊಲಗಳಲ್ಲಿ
ಗುದ್ದಲಿ ಹಿಡಿದು ಬಿಲ ಅಗೆಯುತ್ತಿದ್ದಳು.
ಆಳದಲ್ಲಿ ಇಲಿ ಜೋಡಿಸಿಟ್ಟ ತೆನೆ,
ಒಂದೊಂದೂ ಒಪ್ಪವಾಗಿ ಕತ್ತರಿಸಿದ್ದು,
ಕೆಲವು ಬಿಲದಲ್ಲಿ ಸೇರು, ಕೆಲವದರಲ್ಲಿ ಮೂರು.
ಎದ್ದು ಬರುವಾಗ ಒಂದು ಹಿಡಿ ಒಳಗೇ ತಳ್ಳಿ
ಮಣ್ಣು ಎಳೆಯುತ್ತಿದ್ದಳು. "ಅದರ ಪಾಲು ಅದಕ್ಕ."
ಆ ಜೋಳದ ರೊಟ್ಟಿ ತಿಂದು ನಾನು ಏಳನೇ ಇಯತ್ತೆ ದಾಟಿದೆ,
ಈ ಬಿಳಿ ಕೋಟಿನತನಕ ಬಂದೆ.
ಆಗ ನನ್ನ ಹೊಟ್ಟೆಯಲ್ಲಿ ಏನೇನಿತ್ತೋ
ಯಾರೂ ಗಾಜಿನ ಮೇಲಿಟ್ಟು ನೋಡಲಿಲ್ಲ.
ಇದನ್ನೆಲ್ಲ ಇಂದ್ರವ್ವನ ಮುಂದೆ ಹೇಳಲೂ ಇಲ್ಲ.

ಡಾಕ್ಟರು ಬರೆದ ಗುಳಿಗೆ ಬಿಚ್ಚಿದೆ.
ಕಾಳು ಬಿಸಿಲಿಗೆ ಹಾಕು, ಜರಡಿ ಹಿಡಿ,
ತೂತಿಗೆ ಗಾಜಿನ ಚೂರು ಬೆರೆಸಿದ ಮಣ್ಣು ಮೆತ್ತು
ಅನ್ನುತ್ತಿರುವಾಗ ಹುಡುಗ ಹತ್ತಿರ ಬಂದ.
"ನನ್ನ ಹೊಟ್ಟ್ಯಾಗಿಂದು ಇಲೀದೇನು?"
ಹೂಂ ಅಂದೆ.
"ಹಂಗಾರ ಅದಕ್ಕ ತಿರುಗಿ ಕೊಡ್ತೀಯೇನು?"

ಗುಳಿಗೆಯನ್ನು ನಡುವಿನ ಗೀರಿಗೆ ಮುರಿದು
ಅರ್ಧ ಅವನ ನಾಲಿಗೆಯ ಮೇಲಿಟ್ಟೆ.
ಉಳಿದರ್ಧ ಚೀಟಿಯಲ್ಲಿ ಸುತ್ತಿ
ಕೋಟಿನ ಕಿಸೆಗೆ ಹಾಕಿಕೊಂಡೆ, ಯಾಕೋ.